ಚಕ್ರದ ಬೇರಿಂಗ್ ಮತ್ತೆ ಮತ್ತೆ ಹೋಗುತ್ತಿದೆಯಾ? ಅಡ್ವೆಂಚರ್ ಬೈಕ್‌ಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

21 ಇಂಚಿನ ಮುಂದಿನ ಚಕ್ರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಅಷ್ಟೇ. ಅದೇ ಅಳತೆಯ ಬೇರಿಂಗ್ ಒಂದು ಸಣ್ಣ ಎಲೆಕ್ಟ್ರಿಕ್ ಮೋಟರಿನಲ್ಲಿ ನಿಮಿಷಕ್ಕೆ 2,800 ಸುತ್ತು ತಿರುಗುತ್ತಾ ವರ್ಷಗಟ್ಟಲೆ ಬಾಳುತ್ತದೆ. ಹಾಗಿರುವಾಗ ಬೈಕಿನಲ್ಲಿ ಮಾತ್ರ ಯಾಕೆ ಇಷ್ಟು ಬೇಗ ಹೋಗಬೇಕು?

ಬೇರಿಂಗ್ ತಾನಾಗಿ ಸವೆದು ಹೋಗುವುದು ಕಡಿಮೆ. ಅದರ ಅಕ್ಕಪಕ್ಕ ಇರುವ ಯಾವುದೋ ಒಂದು ಅದನ್ನು ಹಾಳು ಮಾಡಿರುತ್ತದೆ. ಒಳಗೆ ನೀರು ಬಿಟ್ಟ ಸೀಲ್ ಇರಬಹುದು, ಗಿಡ್ಡ ಆಗಿರುವ ಸ್ಪೇಸರ್ (ಎರಡು ಬೇರಿಂಗ್‌ಗಳ ನಡುವಿನ ಕೊಳವೆ) ಇರಬಹುದು, ಬಿಗಿ ಜಾಸ್ತಿಯಾದ ಚೈನ್ ಇರಬಹುದು, ಹಾಕುವಾಗ ತಪ್ಪು ಜಾಗಕ್ಕೆ ಬಿದ್ದ ಸುತ್ತಿಗೆ ಏಟು ಇರಬಹುದು. ಅದನ್ನು ಹಾಗೇ ಬಿಟ್ಟು ಹೊಸ ಬೇರಿಂಗ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಇಲ್ಲಿ ಬೇರಿಂಗ್ ಬದಲಾಯಿಸುವುದಕ್ಕಿಂತ ಅದು ಯಾಕೆ ಹೋಯಿತು ಎಂದು ಕಂಡುಹಿಡಿಯುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲ ಸುಳಿವುಗಳು

ಎಲ್ಲರಿಗೂ ಗೊತ್ತಿರುವ ಲಕ್ಷಣ ಶಬ್ದ. ವೇಗ ಏರಿದ ಹಾಗೆ ಏರುವ ಒಂದು ಗುಂಯ್ ಅನ್ನುವ ಸದ್ದು, ಕೊನೆಕೊನೆಗೆ ಕರಕರ. ಆದರೆ ಶಬ್ದ ಬರುವ ಹೊತ್ತಿಗೆ ಬೇರಿಂಗ್ ಅರ್ಧ ಮುಗಿದಿರುತ್ತದೆ. ಅದೂ ಅಲ್ಲದೆ ದಪ್ಪ ಗುಬ್ಬಿಗಳಿರುವ ಆಫ್‌ರೋಡ್ ಟೈರ್ ಹಾಕಿದ್ದರೆ ಟೈರೇ ಹೆಚ್ಚುಕಡಿಮೆ ಅದೇ ಸದ್ದು ಮಾಡುತ್ತದೆ. ವ್ಯತ್ಯಾಸ ತಿಳಿಯುವುದು ಹೀಗೆ: ನುಣುಪಾದ ಡಾಂಬರಿನಿಂದ ಒರಟು ಡಾಂಬರಿಗೆ ಹೋದಾಗ ಸದ್ದಿನ ಬಗೆ ಬದಲಾದರೆ ಅದು ಟೈರ್. ರಸ್ತೆ ಬದಲಾದರೂ ಸದ್ದು ಹಾಗೇ ಇದ್ದು, ವೇಗಕ್ಕೆ ಮಾತ್ರ ಏರಿ ಇಳಿದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಖಾಲಿ ರಸ್ತೆಯಲ್ಲಿ ಒಮ್ಮೆ ಕ್ಲಚ್ ಹಿಡಿದು ಬೈಕನ್ನು ಹಾಗೇ ಉರುಳಲು ಬಿಡಿ. ಎಂಜಿನ್ ವೇಗ ಇಳಿದರೂ ಸದ್ದು ಉಳಿದರೆ ಅದು ಎಂಜಿನ್ನಿನದಲ್ಲ, ಚಕ್ರದ ಕಡೆಯದು.

ಶಬ್ದಕ್ಕಿಂತ ಮೊದಲೇ ಬರುವ ಒಂದು ಸುಳಿವಿದೆ. ಅದನ್ನು ತುಂಬಾ ಜನ ಬ್ರೇಕಿನ ತೊಂದರೆ ಅಂದುಕೊಳ್ಳುತ್ತಾರೆ. ಕೆಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಬ್ರೇಕ್ ಹಿಡಿದರೆ ಲಿವರ್ ಮೊದಲ ಸಲ ಒಳಗೆ ಜಾಸ್ತಿ ಹೋಗುತ್ತದೆ, ಎರಡನೇ ಸಲ ಸರಿಯಾಗಿ ಹಿಡಿಯುತ್ತದೆ. ಬೇರಿಂಗ್ ಲೂಸಾದಾಗ ಚಕ್ರದ ಜೊತೆ ಡಿಸ್ಕ್ ಕೂಡ ಅತ್ತಿತ್ತ ಅಲ್ಲಾಡಿ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ಮೊದಲ ಒತ್ತು ಆ ಸಂದು ತುಂಬುವುದರಲ್ಲೇ ಮುಗಿಯುತ್ತದೆ. ಬ್ರೇಕ್ ಎಣ್ಣೆ ಬದಲಿಸಿ, ಗಾಳಿ ತೆಗೆದು, ಮತ್ತೆ ಅದೇ ತೊಂದರೆ ಬಂದರೆ ದಯವಿಟ್ಟು ಬೇರಿಂಗ್ ನೋಡಿ. ಡಿಸ್ಕೇ ಸೊಟ್ಟ ಆಗಿದ್ದರೂ ಹೀಗಾಗುತ್ತದೆ, ಆದರೆ ಆಗ ಬ್ರೇಕ್ ಹಿಡಿದಾಗ ಲಿವರಿನಲ್ಲಿ ಮಿಡಿತ ಸಿಗುತ್ತದೆ.

ಎಬಿಎಸ್ ದೀಪ ಸುಮ್ನೆ ಆಗಾಗ ಹತ್ತುವುದೂ ಇಂಥದ್ದೇ ಸುಳಿವಾಗಿರಬಹುದು. ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗಿಗೂ ಅದರ ವೇಗ ಓದುವ ಸೆನ್ಸರಿಗೂ ನಡುವೆ ಇರಬೇಕಾದ ಸಣ್ಣ ಸಂದು ಚಕ್ರ ಅಲ್ಲಾಡಿದಾಗ ಹೆಚ್ಚುಕಡಿಮೆ ಆಗುತ್ತದೆ. ಸೆನ್ಸರಿಗೆ ಮಣ್ಣು ಮೆತ್ತಿದ್ದರೂ ದೀಪ ಹತ್ತುತ್ತದೆ. ಅದನ್ನು ಮೊದಲು ಒರೆಸಿ ನೋಡಿ.

ಕೈಯಲ್ಲಿ ಹಿಡಿದು ನೋಡುವುದು

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನೋಡಬೇಕಾದ ಚಕ್ರವನ್ನು ನೆಲದಿಂದ ಎತ್ತಿ. ಒಂದು ಕೈ ಟೈರಿನ ಮೇಲ್ತುದಿಗೆ, ಇನ್ನೊಂದು ಕೆಳತುದಿಗೆ. ಒಂದನ್ನು ತಳ್ಳಿ, ಇನ್ನೊಂದನ್ನು ಎಳೆಯಿರಿ. ಆಮೇಲೆ ಕೈಗಳನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ಅದನ್ನೇ ಮಾಡಿ. ಟಕ್ ಅನ್ನುವ ಸಣ್ಣ ಪೆಟ್ಟು ಕೈಗೆ ಸಿಗುತ್ತದೆಯಾ ನೋಡಿ. ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ.

ಟಕ್ ಅಂದಿತು ಅಂತಲೇ ಬೇರಿಂಗ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಮುಂದಿನ ಚಕ್ರದಲ್ಲಿ ಹ್ಯಾಂಡಲಿನ ಬೇರಿಂಗ್ ಲೂಸಿದ್ದರೂ, ಫೋರ್ಕಿನ ಬುಷ್ ಸವೆದಿದ್ದರೂ ಹಾಗೇ ಆಡುತ್ತದೆ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಫೋರ್ಕಿನ ಕೆಳತುದಿಯನ್ನು ಗಟ್ಟಿಯಾಗಿ ಹಿಡಿಯಲು ಹೇಳಿ. ಫೋರ್ಕ್ ಅಲ್ಲಾಡದೆ ಚಕ್ರ ಮಾತ್ರ ಅಲ್ಲಾಡಿದರೆ ಚಕ್ರದ ಬೇರಿಂಗ್. ಫೋರ್ಕೂ ಜೊತೆಗೇ ಆಡಿದರೆ ಫೋರ್ಕಿನ ಬುಷ್, ಹ್ಯಾಂಡಲಿನ ಬೇರಿಂಗ್ ನೋಡಿ.

ಹಿಂದಿನ ಚಕ್ರದಲ್ಲಿ ಸ್ವಿಂಗ್ ಆರ್ಮಿನ (ಆ ಚಕ್ರವನ್ನು ಹಿಡಿದಿರುವ ತೋಳು) ಬೇರಿಂಗ್ ಇದೇ ಗೊಂದಲ ಹುಟ್ಟಿಸುತ್ತದೆ. ಹೆಬ್ಬೆರಳನ್ನು ಸ್ವಿಂಗ್ ಆರ್ಮಿಗೂ ಚಕ್ರದ ರಿಮ್ಮಿಗೂ ಒಟ್ಟಿಗೆ ತಾಗುವಂತೆ ಇಟ್ಟುಕೊಂಡು ಚಕ್ರ ಅಲ್ಲಾಡಿಸಿ. ಎರಡೂ ಒಟ್ಟಿಗೆ ಸರಿದರೆ ಸ್ವಿಂಗ್ ಆರ್ಮ್. ಎರಡರ ನಡುವಿನ ಸಂದು ಬದಲಾದರೆ ಚಕ್ರದ ಬೇರಿಂಗ್. ಚಕ್ರವನ್ನು ನೇರ ಮೇಲಕ್ಕೆ ಎತ್ತಿದಾಗ ಮಾತ್ರ ಟಕ್ ಅಂದರೆ ಶಾಕ್ ಅಬ್ಸಾರ್ಬರಿನ ಲಿಂಕೇಜ್ ಕಡೆ ಹೋಗಿ.

ಇನ್ನೊಂದು ಮಾತು. ಚೈನ್ ಓಡುವ ಹಲ್ಲಿನ ಚಕ್ರವಾದ ಸ್ಪ್ರಾಕೆಟನ್ನು ಹಿಡಿದು ಅಲ್ಲಾಡಿಸಿದಾಗ ಅದೊಂದೇ ಆಡಿದರೆ ಕಾರಣ ಎರಡಿರಬಹುದು. ಸ್ಪ್ರಾಕೆಟ್ ಕೂತಿರುವ ಕ್ಯಾರಿಯರಿನ ಬೇರಿಂಗ್ ಹೋಗಿರಬಹುದು, ಇಲ್ಲವೇ ಒಳಗಿನ ಡ್ಯಾಂಪರ್ ರಬ್ಬರ್ ಸವೆದಿರಬಹುದು. ರಬ್ಬರ್ ಸವೆದರೆ ಸ್ಪ್ರಾಕೆಟ್ ತಿರುಗುವ ದಿಕ್ಕಿನಲ್ಲಿ ಹಿಂದೆ ಮುಂದೆ ಆಡುತ್ತದೆ. ಬೇರಿಂಗ್ ಹೋದರೆ ಎಡಕ್ಕೂ ಬಲಕ್ಕೂ ವಾಲುತ್ತದೆ.

ಚೈನ್ ಬದಲು ಶಾಫ್ಟ್ ಡ್ರೈವ್ ಇರುವ ಬೈಕುಗಳಲ್ಲಿ ಹಿಂದಿನ ಚಕ್ರದ ಬೇರಿಂಗ್ ಫೈನಲ್ ಡ್ರೈವಿನ (ಹಿಂದಿನ ಚಕ್ರದ ಹತ್ತಿರದ ಗೇರ್ ಪೆಟ್ಟಿಗೆ) ಒಳಗೆ ಗೇರ್ ಎಣ್ಣೆಯಲ್ಲಿ ಕೂತಿರುವುದು ಸಾಮಾನ್ಯ. ಅಲ್ಲಿ ಎಣ್ಣೆ ಖಾಲಿ ಮಾಡಿ, ಡ್ರೈನ್ ಬೋಲ್ಟಿನ ಆಯಸ್ಕಾಂತ ನೋಡಿ. ನುಣ್ಣನೆಯ ಬೂದು ಕೆಸರು ಸ್ವಲ್ಪ ಇದ್ದರೆ ಪರವಾಗಿಲ್ಲ. ಚೂರುಗಳು, ಹೊಳೆಯುವ ಚಕ್ಕೆಗಳು ಇದ್ದರೆ ಆ ಬೈಕನ್ನು ಓಡಿಸಬೇಡಿ.

ಚಕ್ರ ಬಿಚ್ಚಿದ ಮೇಲೆ

ಆಟ ಇಲ್ಲ, ಶಬ್ದ ಇಲ್ಲ ಅಂದರೂ ಟೈರ್ ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ಈ ಒಂದು ನಿಮಿಷದ ಕೆಲಸ ಮಾಡಿ. ತೋರುಬೆರಳನ್ನು ಬೇರಿಂಗಿನ ಒಳರೇಸಿಗೆ (ಗುಂಡುಗಳ ಒಳಬದಿಯ ಉಕ್ಕಿನ ಬಳೆ; ಹೊರಬದಿಯದು ಹೊರರೇಸ್) ತೂರಿಸಿ, ಸ್ವಲ್ಪ ಒತ್ತಿ ನಿಧಾನಕ್ಕೆ ತಿರುಗಿಸಿ. ಒಳ್ಳೆಯ ಬೇರಿಂಗ್ ಗ್ರೀಸಿನ ತೆಳು ಬಿಗಿಯಲ್ಲಿ ನುಣ್ಣಗೆ ತಿರುಗುತ್ತದೆ. ಮರಳು ಸಿಕ್ಕಿದ ಹಾಗೆ ಜರಜರ ಅಂದರೆ ತೆಗೆದು ಹಾಕಿ. ಅಲ್ಲಲ್ಲಿ ಗೂಡಿನಲ್ಲಿ ಕೂತು ಏಳುವ ಹಾಗೆ ತಡೆದು ತಡೆದು ತಿರುಗಿದರೂ ತೆಗೆದು ಹಾಕಿ. ಬೆರಳು ಬಿಟ್ಟ ಮೇಲೂ ಸರಾಗವಾಗಿ ತಿರುಗುತ್ತಲೇ ಇದ್ದರೆ ಖುಷಿಪಡಬೇಡಿ, ಒಳಗೆ ಗ್ರೀಸ್ ಉಳಿದಿಲ್ಲ ಎಂದು ಅರ್ಥ.

ಹಳೆ ಬೇರಿಂಗ್ ತೆಗೆದ ಮೇಲೆ ಅದನ್ನು ಬಿಸಾಡಬೇಡಿ. ಕಾರಣ ಅದರ ಮೈಮೇಲೇ ಇರುತ್ತದೆ. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡು, ರಬ್ಬರ್ ಸೀಲ್ ಕಿತ್ತು, ಗ್ರೀಸ್ ನೋಡಿ. ಆಮೇಲೆ ಗುಂಡುಗಳನ್ನು ಹಿಡಿದಿರುವ ಕೇಜನ್ನು ಕತ್ತರಿಸಿ ತೆಗೆದು, ಗುಂಡುಗಳನ್ನೆಲ್ಲ ಒಂದೇ ಕಡೆ ಸರಿಸಿ. ಒಳರೇಸ್ ಕೈಗೆ ಬರುತ್ತದೆ. ಈಗ ಎರಡು ರೇಸುಗಳಲ್ಲಿ ಗುಂಡು ಓಡಿದ ದಾರಿಯನ್ನು ಬೆಳಕಿಗೆ ಹಿಡಿದು ನೋಡಿ.

ಗ್ರೀಸ್ ಬೆಳ್ಳಗೆ ಕದಡಿದ ಹಾಗಿದ್ದರೆ, ಇಲ್ಲವೇ ಕೆಂಪು ತುಕ್ಕಿನ ನೀರಾಗಿದ್ದರೆ ನೀರು ಹೊಕ್ಕಿದೆ. ದಾರಿ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಿ ಜಾಸ್ತಿಯಾಗಿದೆ, ಗ್ರೀಸ್ ಸಾಲದೆ ಓಡಿದೆ ಅಥವಾ ಬಿಗಿ ಮಿತಿ ಮೀರಿದೆ. ಸಮಾನ ಅಂತರದಲ್ಲಿ, ಗುಂಡುಗಳಿದ್ದ ಜಾಗದಲ್ಲೇ ಸಣ್ಣ ಗುಳಿಗಳು ಬಿದ್ದಿದ್ದರೆ ಹಾಕುವಾಗ ಒಳರೇಸಿನ ಮೇಲೆ ಹೊಡೆದಿದ್ದಾರೆ. ಬೈಕನ್ನು ಟ್ರೇಲರಿನಲ್ಲಿ ಬಿಗಿದು ತುಂಬಾ ದೂರ ಸಾಗಿಸಿದ್ದರೂ ಇಂಥ ಗುಳಿ ಬೀಳಬಹುದು. ಚಕ್ರ ತಿರುಗದೆ ನಡುಗುತ್ತಲೇ ಇರುತ್ತದೆ, ಗುಂಡು ಅದೇ ಜಾಗವನ್ನು ಉಜ್ಜುತ್ತದೆ. ಹೊರರೇಸಿನ ಹೊರಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೇರಿಂಗ್ ಹಬ್ಬಿನ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಒಳಗೇ ಸುತ್ತಿದೆ.

ಇನ್ನೊಂದು ಗುರುತನ್ನು ಬೇರೆಯಾಗಿಯೇ ಹೇಳಬೇಕು. ಗುಂಡು ಓಡಿದ ಹಾದಿ ರೇಸಿನ ನಟ್ಟನಡುವೆ ಇರಬೇಕು. ಅದು ಒಂದು ಬದಿಯ ಗೋಡೆ ಹತ್ತಿದ್ದರೆ ಬೇರಿಂಗಿಗೆ ಪಕ್ಕದಿಂದ ಒತ್ತಡ ಬಿದ್ದಿದೆ. ಆಗ ಸ್ಪೇಸರನ್ನು ಅಳೆಯಲೇಬೇಕು.

ಸ್ಪೇಸರ್: ಯಾರೂ ನೋಡದ ಕೊಳವೆ

ಹಬ್ಬಿನ ಒಳಗೆ ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ಇರುತ್ತದೆ. ಆಕ್ಸಲ್ ನಟ್ ಬಿಗಿದಾಗ ಆ ಒತ್ತಡ ಎಲ್ಲಾ ಒಂದು ಬೇರಿಂಗಿನ ಒಳರೇಸಿನಿಂದ ಈ ಕೊಳವೆಗೆ, ಅಲ್ಲಿಂದ ಇನ್ನೊಂದು ಬೇರಿಂಗಿನ ಒಳರೇಸಿಗೆ ಹೋಗುತ್ತದೆ. ಗುಂಡುಗಳಿಗೆ ಏನೂ ತಾಗುವುದಿಲ್ಲ. ಕೊಳವೆ ಅರ್ಧ ಮಿಲಿಮೀಟರ್ ಗಿಡ್ಡ ಆದರೂ ಸಾಕು, ನಟ್ ಬಿಗಿದಷ್ಟೂ ಎರಡು ಒಳರೇಸುಗಳು ಹಬ್ಬಿನ ಮಧ್ಯಕ್ಕೆ ಎಳೆದುಕೊಳ್ಳುತ್ತವೆ. ಹೊರರೇಸುಗಳು ಹಬ್ಬಿನ ಮೆಟ್ಟಿಲಿಗೆ (ಬೇರಿಂಗನ್ನು ತಡೆದು ನಿಲ್ಲಿಸುವ ಒಳಗಿನ ಅಂಚು) ಆನಿಕೊಂಡು ಅಲ್ಲೇ ನಿಂತಿರುತ್ತವೆ. ಆ ಎಳೆದಾಟದ ಮಧ್ಯೆ ಗುಂಡುಗಳು ಸಿಕ್ಕಿಕೊಳ್ಳುತ್ತವೆ.

ನನ್ನ ಬೈಕಿನ ಹಿಂದಿನ ಚಕ್ರದಲ್ಲಿ ಹೀಗೇ ಆಯಿತು. ಮೊದಲ ಜೋಡಿ ಬೇರಿಂಗ್ ಹೋದದ್ದು ನೀರಿನಿಂದ. ಒಂದು ಕಡೆ ಕೊಟ್ಟು ಹೊಸದು ಹಾಕಿಸಿದೆ. 4,000 ಕಿಲೋಮೀಟರಿಗೆ ಮತ್ತೆ ಗುಂಯ್ ಶುರುವಾಯಿತು. ಬೇರಿಂಗ್ ಕಳಪೆ ಇರಬೇಕು ಎಂದುಕೊಂಡು ನಾನೇ ಒಳ್ಳೆಯದು ತಂದು ಹಾಕಿದೆ. ಅದೂ 5,000 ದಾಟಲಿಲ್ಲ. ಮೂರನೇ ಸಲ ಬಿಚ್ಚಿದಾಗ ಕೇಜ್ ಕತ್ತರಿಸಿ ನೋಡಿದೆ. ಎರಡು ಹೊರರೇಸುಗಳಲ್ಲೂ ಹಾದಿ ಹಬ್ಬಿನ ಮಧ್ಯದ ಕಡೆಗೆ ವಾಲಿತ್ತು. ಆಗ ಸ್ಪೇಸರನ್ನು ಕೈಗೆ ತೆಗೆದುಕೊಂಡೆ. ಒಂದು ತುದಿ ನುಣುಪಾದ ಲೇತಿನ ಕೆಲಸ, ಇನ್ನೊಂದು ತುದಿಯಲ್ಲಿ ಅಡ್ಡಡ್ಡ ಅರದ ಗೀರು. ಮೊದಲ ಸಲ ಬೇರಿಂಗ್ ಹೊಡೆದು ತೆಗೆಯುವಾಗ ಆ ತುದಿ ಜಜ್ಜಿಹೋಗಿತ್ತು. ಅದನ್ನು ಯಾರೋ ಅರ ಹಾಕಿ ನೇರ ಮಾಡಿದ್ದರು. ವರ್ನಿಯರ್ ಇಟ್ಟು ನೋಡಿದರೆ ಹಬ್ಬಿನ ಎರಡು ಮೆಟ್ಟಿಲುಗಳ ನಡುವಿನ ಅಂತರಕ್ಕಿಂತ ಕೊಳವೆ 0.4 ಮಿಲಿಮೀಟರ್ ಗಿಡ್ಡ. ಹೊಸ ಸ್ಪೇಸರ್ ಹಾಕಿದೆ. ಆ ಬೇರಿಂಗ್ ಈಗಲೂ ಓಡುತ್ತಿದೆ, 30,000 ಕಿಲೋಮೀಟರ್ ದಾಟಿದೆ.

ಅಳೆಯುವ ಕ್ರಮ ಸುಲಭ. ಹಬ್ಬಿನ ಒಂದು ಕಡೆಯ ಬೇರಿಂಗ್ ಮೆಟ್ಟಿಲಿನಿಂದ ಇನ್ನೊಂದು ಕಡೆಯ ಮೆಟ್ಟಿಲಿಗೆ ಎಷ್ಟು ಎಂದು ನೋಡಿ. ಸ್ಪೇಸರ್ ಅದಕ್ಕಿಂತ ಕೂದಲೆಳೆಯಷ್ಟು ಉದ್ದ ಇರಬೇಕು, ಗಿಡ್ಡ ಮಾತ್ರ ಆಗಿರಬಾರದು. ಎರಡು ತುದಿಗಳೂ ಮಟ್ಟವಾಗಿರಬೇಕು. ತುದಿ ಸೊಟ್ಟ ಇದ್ದರೆ ಒಳರೇಸ್ ವಾಲಿಕೊಂಡೇ ಕೂರುತ್ತದೆ. ಜಜ್ಜಿದ ಸ್ಪೇಸರನ್ನು ಅರ ಹಾಕಿ ಸರಿ ಮಾಡಲು ಹೋಗಬೇಡಿ, ಬದಲಿಸಿ.

ನೀರು ಒಳಗೆ ಹೋಗುವುದು ಹೇಗೆ

ಅಡ್ವೆಂಚರ್ ಬೈಕ್ ಅಂದ ಮೇಲೆ ಹಳ್ಳ ದಾಟುವುದು ಇದ್ದದ್ದೇ ಅಲ್ವಾ. ಹಳ್ಳದ ನೀರಿಗಿಂತ ತೊಂದರೆ ಕೊಡುವುದು ಬಿಸಿ ಹಬ್. ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದು ಬಂದಿರುತ್ತೀರಿ, ಹಬ್ಬಿನ ಒಳಗಿನ ಗಾಳಿ ಕಾದಿರುತ್ತದೆ. ಹಾಗೇ ತಣ್ಣನೆ ನೀರಿಗೆ ಇಳಿಸಿದರೆ ಆ ಗಾಳಿ ಕುಗ್ಗುತ್ತದೆ, ಸೀಲಿನ ತುಟಿಯ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಆಳದ ಹಳ್ಳ ಸಿಕ್ಕಾಗ ದಡದಲ್ಲಿ ಒಂದು ಹತ್ತು ನಿಮಿಷ ನಿಲ್ಲಿ. ಹೇಗೂ ನಡೆದು ಆಳ ನೋಡಲೇಬೇಕಲ್ಲ.

ಪ್ರೆಶರ್ ವಾಷರ್ ಇನ್ನೂ ಕೆಟ್ಟದ್ದು. ಅದರ ಧಾರೆಯನ್ನು ಆಕ್ಸಲಿನ ಹತ್ತಿರ ಹಿಡಿಯಲೇಬೇಡಿ. ಮಣ್ಣನ್ನು ತೊಳೆಯಬೇಕಿದ್ದ ನೀರು ಆ ಮಣ್ಣನ್ನೇ ಸೀಲಿನ ಒಳಗೆ ತಳ್ಳುತ್ತದೆ.

ಬೇರಿಂಗ್ ಮೇಲೇ ರಬ್ಬರ್ ಸೀಲ್ ಇದ್ದರೂ ಹಬ್ಬಿನ ಹೊರಗಡೆ ಇನ್ನೊಂದು ಡಸ್ಟ್ ಸೀಲ್ ಇರುತ್ತದೆ. ಅದು ಒಂದು ಲೋಹದ ಬುಷ್ ಮೇಲೆ ಉಜ್ಜಿಕೊಂಡು ಓಡುತ್ತದೆ. ಆ ಬುಷ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಉಪಯೋಗವಿಲ್ಲ, ಬುಷ್ಷನ್ನೂ ಬದಲಿಸಬೇಕು. ಸೀಲಿನ ತುಟಿಗೆ ನೀರು ತಡೆಯುವ ಗ್ರೀಸ್ ಹಚ್ಚಿ. ಒಣ ತುಟಿ ಬೇಗ ಸವೆಯುತ್ತದೆ.

ಚೈನ್ ಬಿಗಿ

ಸ್ಪ್ರಾಕೆಟ್ ಕ್ಯಾರಿಯರಿನ ಬೇರಿಂಗ್ ಒಂದೇ ಮತ್ತೆ ಮತ್ತೆ ಹೋಗುತ್ತಿದ್ದರೆ ಮೊದಲು ಚೈನ್ ನೋಡಿ. ಉದ್ದ ಸಸ್ಪೆನ್ಶನ್ ಇರುವ ಬೈಕುಗಳಲ್ಲಿ ಚಕ್ರ ಮೇಲೆ ಕೆಳಗೆ ಹೋಗುವಾಗ ಚೈನಿನ ಬಿಗಿ ತುಂಬಾ ಬದಲಾಗುತ್ತದೆ. ಗೇರ್‌ಬಾಕ್ಸಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಬೋಲ್ಟ್, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಸಾಲಿಗೆ ಬಂದಾಗ ಬಿಗಿ ಎಲ್ಲಕ್ಕಿಂತ ಹೆಚ್ಚು. ಸ್ಟ್ಯಾಂಡ್ ಮೇಲೆ ಜೋತು ಬಿದ್ದ ಹಾಗೆ ಕಂಡ ಚೈನ್ ಲಗೇಜ್ ಹೇರಿ ಇಬ್ಬರು ಕೂತಾಗ ತಂತಿಯ ಹಾಗೆ ಬಿಗಿಯುತ್ತದೆ. ಬೆಲ್ಟ್ ಹಾಕಿ ಹಿಂಭಾಗ ಕೆಳಗೆ ಎಳೆದು ಆ ಮೂರನ್ನೂ ಸಾಲಿಗೆ ತನ್ನಿ. ಆ ಸ್ಥಿತಿಯಲ್ಲೂ ಬೆರಳಿನಿಂದ ಎತ್ತಿದರೆ ಚೈನ್ ಸ್ವಲ್ಪ ಆಡಬೇಕು. ಆಡದಿದ್ದರೆ ಗೇರ್‌ಬಾಕ್ಸಿನ ಬೇರಿಂಗೂ ಅಪಾಯದಲ್ಲಿದೆ.

ಹಬ್ಬೇ ಸಡಿಲವಾಗಿದ್ದರೆ

ಹೊಸ ಬೇರಿಂಗ್ ಕೈಯಲ್ಲಿ ಒತ್ತಿದರೇ ಹಬ್ಬಿನ ಒಳಗೆ ಹೋದರೆ ಅಲ್ಲಿಗೆ ಕೆಲಸ ನಿಲ್ಲಿಸಿ. ಬೇರಿಂಗ್ ಸುತ್ತಿ ಸುತ್ತಿ ಅಲ್ಯೂಮಿನಿಯಂ ತಿಂದಿದೆ. ಸವೆತ ತೀರಾ ಕಡಿಮೆ ಇದ್ದರೆ ಬೇರಿಂಗ್ ಕೂರಿಸಲೆಂದೇ ಬರುವ ಅಂಟು ಕೆಲಸ ಮಾಡುತ್ತದೆ, ಎರಡೂ ಮೈಯನ್ನು ಎಣ್ಣೆ ಪಸೆ ಇಲ್ಲದ ಹಾಗೆ ಒರೆಸಿದ್ದರೆ ಮಾತ್ರ. ಜಾಸ್ತಿ ಸವೆದಿದ್ದರೆ ಲೇತಿನಲ್ಲಿ ಸ್ಲೀವ್ ಹಾಕಿಸಬೇಕು, ಇಲ್ಲವೇ ಹಬ್ ಬದಲಿಸಬೇಕು. ಹಬ್ಬಿಗೆ ಪಂಚ್‌ನಿಂದ ಚುಕ್ಕಿ ಹೊಡೆದು ಬಿಗಿ ಮಾಡುವ ಹಳೇ ರೂಢಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಚುಕ್ಕಿಗಳ ತುದಿ ಬೇಗ ಚಪ್ಪಟೆಯಾಗಿ ಬೇರಿಂಗ್ ಮತ್ತೆ ಸುತ್ತುತ್ತದೆ.

ಹೊಸದನ್ನು ಹಾಕುವುದು

ಬೇರಿಂಗಿನ ಮೇಲಿನ ನಂಬರ್ ಓದಲು ಕಲಿತರೆ ತಪ್ಪು ಮಾಲು ಬರುವುದಿಲ್ಲ. 6204 ಎಂದರೆ ಒಳಗೆ 20, ಹೊರಗೆ 47, ಅಗಲ 14 ಮಿಲಿಮೀಟರ್. ಕೊನೆಯ ಎರಡು ಅಂಕಿ 04 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಐದರಿಂದ ಗುಣಿಸಿ, ಒಳ ಅಳತೆ ಸಿಗುತ್ತದೆ. 03 ಮಾತ್ರ 17 ಮಿಲಿಮೀಟರ್. ಮುಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲ್. ನಮಗೆ ಬೇಕಾದದ್ದು ಅದೇ. ಝಡ್‌ಝಡ್ ಎಂದಿದ್ದರೆ ಬರೀ ತಗಡಿನ ಮುಚ್ಚಳ, ನೀರು ನಿಲ್ಲುವುದಿಲ್ಲ. ಸಿ3 ಎಂದರೆ ಒಳಗೆ ಗುಂಡುಗಳಿಗೆ ಸ್ವಲ್ಪ ಹೆಚ್ಚು ಸಡಿಲ. ಮ್ಯಾನುಯಲ್ ಹೇಳಿದ್ದನ್ನೇ ಹಾಕಿ, ನಿಮ್ಮಷ್ಟಕ್ಕೆ ಬದಲಿಸಬೇಡಿ. ನಕಲಿ ಮಾಲು ಬಹಳ ಇರುವುದರಿಂದ ನಂಬಿಕೆಯ ಅಂಗಡಿಯಲ್ಲೇ ತೆಗೆದುಕೊಳ್ಳಿ.

ಹಾಕುವ ಹಿಂದಿನ ರಾತ್ರಿ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಹಬ್ಬನ್ನು ಹಾಟ್ ಏರ್ ಗನ್ನಿನಿಂದ 80 ರಿಂದ 100 ಡಿಗ್ರಿಗೆ ಕಾಯಿಸಿ. ನೀರಿನ ಹನಿ ಚುರ್ ಎನ್ನಬೇಕು, ಪೇಂಟ್ ಬಣ್ಣ ಬದಲಾಗಬಾರದು. ಆಗ ಬೇರಿಂಗ್ ಹೆಚ್ಚು ಹೊಡೆತವಿಲ್ಲದೆ ಇಳಿಯುತ್ತದೆ. ಹೊಡೆಯಬೇಕಾಗಿ ಬಂದರೆ ಹೊರರೇಸಿನ ಅಂಚಿಗೆ ಮಾತ್ರ ಕೂರುವ ಸಾಕೆಟ್ ಇಟ್ಟುಕೊಂಡು ಹೊಡೆಯಿರಿ. ಒಳರೇಸಿಗೆ ಬಿದ್ದ ಒಂದೇ ಏಟು ಗುಂಡುಗಳ ಮೂಲಕ ರೇಸಿಗೆ ಗುಳಿ ಮಾಡುತ್ತದೆ. ಆ ಬೇರಿಂಗ್ ಹಾಕುವ ಮೊದಲೇ ಹಾಳಾದ ಹಾಗೆ.

ಮೊದಲ ಬೇರಿಂಗನ್ನು ಮೆಟ್ಟಿಲಿಗೆ ತಾಗುವವರೆಗೆ ಕೂರಿಸಿ. ಸಾಮಾನ್ಯವಾಗಿ ಅದು ಡಿಸ್ಕ್ ಇರುವ ಕಡೆ, ಆದರೂ ಮ್ಯಾನುಯಲ್ ನೋಡಿಕೊಳ್ಳಿ. ಆಮೇಲೆ ಸ್ಪೇಸರ್. ಇದನ್ನು ಮರೆತು ಎರಡೂ ಬೇರಿಂಗ್ ಕೂರಿಸಿದವರು ಇದ್ದಾರೆ. ಆಮೇಲೆ ಎರಡನೆಯ ಬೇರಿಂಗ್, ಸ್ಪೇಸರಿಗೆ ತಾಗುವವರೆಗೆ ಮಾತ್ರ. ಒಂದೊಂದು ಏಟಿಗೂ ಬೆರಳು ತೂರಿಸಿ ಸ್ಪೇಸರನ್ನು ಅಲ್ಲಾಡಿಸಿ ನೋಡಿ. ಮೊದಲು ಅದು ಗಡಗಡ ಆಡುತ್ತದೆ. ತಾಗಿದ ಕೂಡಲೇ ಆಟ ನಿಂತು, ಬೆರಳಿನಿಂದ ಒತ್ತಿ ತಳ್ಳಿದರೆ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಸಾಕು. ಇನ್ನೂ ಹೊಡೆದರೆ ಸ್ಪೇಸರ್ ಒಳರೇಸನ್ನು ಹೊರಗೆ ತಳ್ಳಿ, ಗಿಡ್ಡ ಸ್ಪೇಸರ್ ಮಾಡಿದ ಹಾನಿಯನ್ನೇ ಈ ಕಡೆಯಿಂದ ಮಾಡುತ್ತದೆ.

ಚಕ್ರವನ್ನು ಬೈಕಿಗೆ ಹಾಕುವ ಮೊದಲು ಒಂದು ಪರೀಕ್ಷೆ. ಚಕ್ರ ಇನ್ನೂ ನೆಲದ ಮೇಲೇ ಇರಲಿ. ಆಕ್ಸಲ್ ತೂರಿಸಿ, ಹೊರಗಿನ ಬುಷ್‌ಗಳನ್ನು ಹಾಕಿ, ಫೋರ್ಕಿನ ಜಾಗ ತುಂಬಲು ಒಂದು ಕೊಳವೆ ತುಂಡು ಹಾಕಿ ನಟ್ ಬಿಗಿಯಿರಿ. ಬಿಗಿಯುವ ಮೊದಲು ಹೇಗೆ ತಿರುಗುತ್ತಿತ್ತೋ ಬಿಗಿದ ಮೇಲೂ ಹಾಗೇ ತಿರುಗಬೇಕು. ಬಿಗಿದಂತೆ ಆಕ್ಸಲ್ ಗಡುಸಾದರೆ ಸ್ಪೇಸರ್ ಅಥವಾ ಬೇರಿಂಗ್ ಕೂತ ರೀತಿ ತಪ್ಪಿದೆ. ಈಗಲೇ ಬಿಚ್ಚಿ. ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ಎರಡು ಜೋಡಿ ಬೇರಿಂಗ್ ಉಳಿಯುತ್ತಿತ್ತು.

ದಾರಿಯಲ್ಲೇ ಹೋದರೆ

ಬೇರಿಂಗ್ ಆಡಲು ಶುರುವಾಗಿದೆ, ಊರು ದೂರ ಇದೆ ಅಂದರೆ ಲಗೇಜ್ ಇಳಿಸಿ, ತೀರಾ ನಿಧಾನಕ್ಕೆ ಹೋಗಿ, ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಹಬ್ ಹತ್ತಿರ ಕೈ ತನ್ನಿ. ಡಿಸ್ಕ್ ಮುಟ್ಟಬೇಡಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ, ಇಲ್ಲವೇ ಚಕ್ರ ಕಣ್ಣಿಗೆ ಕಾಣುವಷ್ಟು ವಾಲುತ್ತಿದ್ದರೆ ಅಲ್ಲಿಂದ ಮುಂದೆ ಓಡಿಸಬೇಡಿ. ಕೇಜ್ ಒಡೆದು ಗುಂಡುಗಳು ಸಿಕ್ಕಿಕೊಂಡರೆ ಚಕ್ರ ಹಠಾತ್ತನೆ ನಿಲ್ಲಬಹುದು.

ಒಳರೇಸ್ ಕಳಚಿ ಹೊರರೇಸ್ ಮಾತ್ರ ಹಬ್ಬಿನಲ್ಲಿ ಉಳಿದುಬಿಟ್ಟರೆ ಬೇರಿಂಗ್ ಎಳೆದು ತೆಗೆಯುವ ಪುಲ್ಲರಿಗೆ ಹಿಡಿ ಸಿಗುವುದಿಲ್ಲ. ವೆಲ್ಡಿಂಗ್ ಇರುವ ಕಡೆ ಹೋಗಿ ರೇಸಿನ ಒಳಮೈ ಸುತ್ತ ಒಂದು ಗೆರೆ ವೆಲ್ಡ್ ಹಾಕಿಸಿ. ಅದು ತಣ್ಣಗಾಗುವಾಗ ರೇಸನ್ನು ಒಳಕ್ಕೆ ಕುಗ್ಗಿಸುತ್ತದೆ, ಹೆಚ್ಚಿನ ಸಲ ಕೈಯಲ್ಲೇ ಉದುರುತ್ತದೆ.

ಉದ್ದ ಪ್ರಯಾಣಕ್ಕೆ ನಾನು ಎರಡೂ ಚಕ್ರಕ್ಕೆ ಒಂದೊಂದು ಜೋಡಿ, ಕ್ಯಾರಿಯರಿಗೆ ಒಂದು, ಜೊತೆಗೆ ಸೀಲುಗಳನ್ನು ಮುಚ್ಚಿದ ಪ್ಯಾಕೆಟ್ಟಿನಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್ಲಾ ಸೇರಿ ಒಂದು ಕಿಲೋ ಕೂಡ ಆಗುವುದಿಲ್ಲ. ಹೊಸದು ಹಾಕಿದ ಮೇಲೆ ಮೊದಲ 100 ಕಿಲೋಮೀಟರಿಗೆ ನಿಲ್ಲಿಸಿ ಆಕ್ಸಲ್ ನಟ್ಟಿಗೆ ಟಾರ್ಕ್ ರೆಂಚ್ ಇಟ್ಟು ನೋಡಿ, ಚಕ್ರವನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಮತ್ತೊಮ್ಮೆ ಅಲ್ಲಾಡಿಸಿ.